ಖಾಸನ್ ಕೆರೆ ಪಕ್ಕದ ಗುಡ್ಡದಿಂದ ಕೊಹಿಮಾವರೆಗೆ ಬಂದ ಕರ್ನಲ್

ಕೊಡಗಿನ ಎಷ್ಟೋ ಮನೆಗಳಲ್ಲಿ ಗೋಡೆ ಮೇಲೆ ಯೂನಿಫಾರ್ಮ್ ಹಾಕಿರೋ ಫೋಟೋ ಇರುತ್ತೆ, ಫೋಟೋ ಹಳೇದಾದ್ರೆ ಬರ್ಮಾ ಮಾತು ಬಂದೇ ಬರುತ್ತೆ. ಮುಂದೆ ಭೂಸೇನೆಯ ಮುಖ್ಯಸ್ಥರಾದ ನಮ್ಮ ತಿಮ್ಮಯ್ಯನವರು 1945ರ ಜನವರಿಯಲ್ಲಿ ಬರ್ಮಾದ ಕಾಂಗಾವ್‌ನಲ್ಲಿ ಜಪಾನಿಯರ ಎದುರು ಬೆಟಾಲಿಯನ್ ನಡೆಸಿದ್ದು ಇಲ್ಲಿ ಸುಮಾರು ಜನಕ್ಕೆ ಗೊತ್ತು. ಆದ್ರೆ ಆ ಜಪಾನಿ ಸೇನೆ ನಮ್ಮ ಬಾಗಿಲಿಗೆ ಬರೋ ಮುಂಚೆ ಎಲ್ಲಿತ್ತು, ಅದರ ಆಫೀಸರ್‌ಗಳು ಎಲ್ಲಿ ಕೈ ಪಳಗಿಸಿಕೊಂಡು ಬಂದ್ರು ಅಂತ ನಾವು ಮಾತಾಡೋದು ಕಮ್ಮಿ. ನಂಗೆ ಇದು ತುಂಬಾ ದಿನದಿಂದ ತಲೆಯಲ್ಲಿ ಕೂತಿತ್ತು, ಅದಕ್ಕೇ ಬರೀತಿದೀನಿ.

ಜಾಗ ಇರೋದು ಕೊರಿಯಾ, ಮಂಚೂರಿಯಾ (ಚೀನಾದ ಈಶಾನ್ಯ ಭಾಗ), ರಷ್ಯಾ ಮೂರೂ ಸೇರೋ ಮೂಲೆಯಲ್ಲಿ, ತುಮೆನ್ ನದಿ ಹತ್ರ. ಖಾಸನ್ ಅಂತ ಒಂದು ಕೆರೆ, ಅದರ ಪಕ್ಕ ಚಾಂಗ್‌ಕುಫೆಂಗ್ ಅನ್ನೋ ಗುಡ್ಡ, ಎತ್ತರ ಹೆಚ್ಚು ಕಮ್ಮಿ 150 ಮೀಟರ್ ಅಷ್ಟೇ. ನಮ್ಮ ಕೊಡಗಿನ ತಡಿಯಂಡಮೋಳು ಬೆಟ್ಟ 1,700 ಮೀಟರ್ ದಾಟುತ್ತೆ ಅಂದ್ರೆ ನೀವೇ ಲೆಕ್ಕ ಹಾಕಿ. ಅಷ್ಟು ಸಣ್ಣ ಗುಡ್ಡಕ್ಕೆ 1938ರಲ್ಲಿ ಸೋವಿಯತ್ ಮತ್ತೆ ಜಪಾನ್ ಹೊಡೆದಾಡ್ಕೊಂಡ್ರು. ಯೂರೋಪಲ್ಲಿ ಮಹಾಯುದ್ಧ ಶುರುವಾಗೋಕೆ ಇನ್ನೂ ಒಂದು ವರ್ಷದ ಮೇಲಿತ್ತು.

ಮೂಲ ಏನಪ್ಪಾ ಅಂದ್ರೆ ಗಡಿ ಎಲ್ಲಿದೆ ಅಂತ ಇಬ್ಬರ ಹತ್ರನೂ ಬೇರೆ ಬೇರೆ ಲೆಕ್ಕ. ನಮ್ಮಲ್ಲಿ ಅಕ್ಕಪಕ್ಕದ ತೋಟದವರು ಹಳೇ ಸರ್ವೆ ಸ್ಕೆಚ್ ಹಿಡ್ಕೊಂಡು ಬೇಲಿ ಜಗಳ ಮಾಡ್ತಾರಲ್ಲ, ಥೇಟ್ ಹಾಗೇ. ರಷ್ಯಾದವರು 1886ರಲ್ಲಿ ಚೀನಾ ಜೊತೆ ಮಾಡಿಕೊಂಡ ಹುಂಚುನ್ ಒಪ್ಪಂದದ ನಕ್ಷೆ ತೋರಿಸಿ ಗುಡ್ಡ ನಮ್ಮದು ಅಂದ್ರು, ಮಂಚೂರಿಯಾ ಹಿಡ್ಕೊಂಡು ಕೂತಿದ್ದ ಜಪಾನ್ ಅದನ್ನ ಒಪ್ಪಲಿಲ್ಲ. ಅದೇ ಜೂನಲ್ಲಿ ಲ್ಯುಶ್ಕೋವ್ ಅನ್ನೋ ಸೋವಿಯತ್ ಗುಪ್ತ ಪೊಲೀಸ್ ಅಧಿಕಾರಿ ಗಡಿ ದಾಟಿ ಜಪಾನ್ ಕಡೆ ಓಡಿಹೋಗಿದ್ದ, ಹಾಗಾಗಿ ಅಲ್ಲಿ ಮೊದಲೇ ಬಿಸಿ ಇತ್ತು. ಜುಲೈನಲ್ಲಿ ಸೋವಿಯತ್ ಗಡಿ ಕಾವಲಿನವರು ಗುಡ್ಡ ಹತ್ತಿ ಟ್ರೆಂಚ್ ತೋಡೋಕೆ ಶುರು ಮಾಡಿದ್ರು, ಒಬ್ಬ ಜಪಾನಿ ಮಿಲಿಟರಿ ಪೊಲೀಸ್ ಗುಂಡು ತಿಂದು ಸತ್ತ, ಅಲ್ಲಿಂದ ವಿಷಯ ಟೋಕಿಯೋ, ಮಾಸ್ಕೋ ಮುಟ್ಟಿತು.

ಟೋಕಿಯೋದಲ್ಲಿ ನಡೆದಿದ್ದು ಗಮನಿಸಿ. ಯುದ್ಧಮಂತ್ರಿ ಇಟಗಾಕಿ ದಾಳಿಗೆ ಅನುಮತಿ ಕೇಳಿದಾಗ ಚಕ್ರವರ್ತಿ ಹಿರೋಹಿಟೋ ಕೊಡಲೇ ಇಲ್ಲ. ಮಂಚೂರಿಯಾದಲ್ಲೂ ಹೀಗೇ ಮಾಡಿದ್ರಿ, 1937ರಲ್ಲಿ ಚೀನಾ ಯುದ್ಧ ಶುರುವಾದ ಮಾರ್ಕೋ ಪೋಲೋ ಸೇತುವೆ ಹತ್ರನೂ ಹೀಗೇ ಮಾಡಿದ್ರಿ ಅಂತ ಬೈದ. ಇಷ್ಟಾದ್ಮೇಲೆ ಮುಗೀಬೇಕಿತ್ತು ತಾನೇ? ಆದ್ರೆ ಕೊರಿಯಾದಲ್ಲಿದ್ದ ಜಪಾನಿನ 19ನೇ ಡಿವಿಷನ್ನಿನ ಕಮಾಂಡರ್ ಸುಯೆಟಾಕಾ ಟೋಕಿಯೋ ಹೂಂ ಅನ್ನೋವರೆಗೂ ಕಾಯಲಿಲ್ಲ, ಜುಲೈ 29ಕ್ಕೆ ಪಕ್ಕದ ದಿಬ್ಬದಲ್ಲಿ ಸಣ್ಣ ಗುಂಡಿನ ಚಕಮಕಿ ಆಗಿದ್ದನ್ನೇ ನೆಪ ಮಾಡಿಕೊಂಡು 75ನೇ ರೆಜಿಮೆಂಟಿಗೆ ಗುಡ್ಡ ಹಿಡೀರಿ ಅಂದ. 31ರ ಬೆಳಗಾಗೋದ್ರೊಳಗೆ ಕತ್ತಲಲ್ಲೇ ಹತ್ತಿ ಹಿಡಿದ್ರು. ಆ ರೆಜಿಮೆಂಟಿನ ಕರ್ನಲ್ ಹೆಸರು ಸಾಟೋ ಕೋಟೋಕು. ಈ ಹೆಸರು ನೆನಪಲ್ಲಿ ಇಟ್ಕೊಳಿ.

ಆಮೇಲೆ ಸೋವಿಯತ್ ಕಡೆಯಿಂದ ಟ್ಯಾಂಕು, ಫಿರಂಗಿ, ಬಾಂಬರ್ ವಿಮಾನ ಎಲ್ಲಾ ಬಂತು. ಜಪಾನ್ ಒಂದು ವಿಮಾನನೂ ಹಾರಿಸಲಿಲ್ಲ, ಯಾಕಂದ್ರೆ ಚೀನಾದಲ್ಲಿ ವುಹಾನ್ ಕಡೆ ನುಗ್ತಾ ಇದ್ದಾಗ ಇನ್ನೊಂದು ದೊಡ್ಡ ಯುದ್ಧ ಟೋಕಿಯೋಗೆ ಬೇಡವಾಗಿತ್ತು. ನಮ್ಮಲ್ಲಿ ಆಗಸ್ಟ್ ಶುರುವಿನ ಕಕ್ಕಡ 18ಕ್ಕೆ ಮದ್ದುಸೊಪ್ಪಿನ ಪಾಯಸ ಮಾಡೋ ಅದೇ ವಾರಗಳಲ್ಲಿ ಅಲ್ಲಿ ಹುಡುಗರು ಆ ಗುಡ್ಡದ ಮೇಲೆ ಬಾಂಬಿನ ಕೆಳಗೆ ಮಲಗಿದ್ರು. ಮಾಸ್ಕೋದಲ್ಲಿ ಜಪಾನಿ ರಾಯಭಾರಿ ಶಿಗೆಮಿತ್ಸು ಮತ್ತೆ ಸೋವಿಯತ್ ವಿದೇಶಾಂಗ ಮಂತ್ರಿ ಲಿಟ್ವಿನೋವ್ ಕೂತು ಮಾತಾಡಿ ಆಗಸ್ಟ್ 11ಕ್ಕೆ ಗುಂಡು ನಿಲ್ಲಿಸಿದ್ರು, ಕೊನೆಗೆ ಗುಡ್ಡ ಸೋವಿಯತ್ ಕೈಯಲ್ಲೇ ಉಳೀತು. ಜಪಾನ್ ಕಡೆ 500ಕ್ಕೂ ಮೇಲೆ, ಸೋವಿಯತ್ ಕಡೆ 700ಕ್ಕೂ ಮೇಲೆ ಜನ ಹೋದ್ರು.

ನಂಗೆ ಹೊಟ್ಟೆ ಉರಿಯೋದು ಬ್ಲ್ಯೂಖರ್ ವಿಷಯಕ್ಕೆ. ಸೋವಿಯತ್ ದೂರಪ್ರಾಚ್ಯ ಸೇನೆಯ ಮಾರ್ಷಲ್ ಆತ. ಗಲಾಟೆ ದೊಡ್ಡದಾಗೋ ಮುಂಚೆ ತನಿಖೆ ಮಾಡಿಸಿ, ನಮ್ಮ ಗಡಿ ಕಾವಲಿನವರೇ ಮೂರು ಮೀಟರ್ ಆಚೆ ಹೋಗಿದಾರೆ ಅಂತ ಮೇಲಕ್ಕೆ ತಿಳಿಸಿದ್ದ. ಮೂರೇ ಮೀಟರ್! ಅದನ್ನ ಅಲ್ಲೇ ಸರಿಮಾಡಿದ್ರೆ ಅಷ್ಟೂ ಜನ ಉಳೀತಿದ್ರೇನೋ. ಬದಲಿಗೆ ಅವನ ಮೇಲೇ ತಪ್ಪು ಹೊರಿಸಿದ್ರು, ಅಕ್ಟೋಬರಲ್ಲಿ ಅರೆಸ್ಟ್ ಮಾಡಿದ್ರು, ನವೆಂಬರಲ್ಲಿ ಜೈಲಲ್ಲೇ ಸತ್ತ. ಎಲ್ಲೆ ಮೀರಿದ ಸುಯೆಟಾಕಾಗೆ ಅಂಥ ಗತಿ ಬರಲಿಲ್ಲ.

ಮುಂದಿನ ವರ್ಷ ಮಂಗೋಲಿಯಾ ಗಡಿಯ ಖಾಲ್ಖಿನ್ ಗೋಲ್‌ನಲ್ಲಿ ಸೋವಿಯತ್ ಕಮಾಂಡರ್ ಝುಕೋವ್ ಜಪಾನಿಗೆ ಇನ್ನೂ ಜೋರಾಗಿ ಕೊಟ್ಟ. 1941ರ ಏಪ್ರಿಲಲ್ಲಿ ಇಬ್ಬರೂ ತಟಸ್ಥ ಒಪ್ಪಂದ ಮಾಡಿಕೊಂಡ್ರು, ಡಿಸೆಂಬರ್‌ಗೆ ಜಪಾನ್ ದಕ್ಷಿಣಕ್ಕೆ ತಿರುಗಿ ಮಲಯಾ, ಆಮೇಲೆ ಬರ್ಮಾ. ಉತ್ತರದ ಆ ಹೊಡೆತಗಳೊಂದೇ ಕಾರಣ ಅಲ್ಲ, ಎಣ್ಣೆ ಬೇಕಿತ್ತು, ರಬ್ಬರ್ ಬೇಕಿತ್ತು, ಆದ್ರೂ ಉತ್ತರದ ದಾರಿ ಕಷ್ಟ ಅನ್ನೋ ಪಾಠ ಖಾಸನ್‌ನಲ್ಲೇ ಶುರುವಾಯ್ತು ಅಂತ ನನ್ನ ಅಭಿಪ್ರಾಯ.

ಈಗ ಸಾಟೋ. 1944ರ ಏಪ್ರಿಲಲ್ಲಿ ಈಗಿನ ನಾಗಾಲ್ಯಾಂಡಿನ ಕೊಹಿಮಾನ ಮುತ್ತಿದ 31ನೇ ಡಿವಿಷನ್ನಿನ ಜನರಲ್ ಇವನೇ! ಅವನ ಮೇಲಿದ್ದವನು ಮುಟಗುಚಿ, 1937ರಲ್ಲಿ ಮಾರ್ಕೋ ಪೋಲೋ ಸೇತುವೆ ಹತ್ರ ಇದ್ದ ರೆಜಿಮೆಂಟಿನ ಕಮಾಂಡರ್. ಎಲ್ಲೋ ದೂರದಲ್ಲಿ ನಡೆದ ಎರಡು ಘಟನೆಗಳ ಇಬ್ಬರು ಆಫೀಸರ್‌ಗಳು ಏಳು ವರ್ಷದೊಳಗೆ ನಮ್ಮ ದೇಶದ ಒಳಗೇ ಬಂದು ನಿಂತಿದ್ರು. ಮೂರು ವಾರದ ರೇಷನ್ ಕೊಟ್ಟು ಸಾಟೋನ ಕಳಿಸಿದ್ರು, ಮತ್ತೆ ಏನೂ ಬರಲಿಲ್ಲ, ಹುಡುಗರು ಹಸಿವಲ್ಲಿ, ರೋಗದಲ್ಲಿ ಸಾಯ್ತಿದ್ರು. ಮಳೆ ಹಿಡಿದಾಗ ಸಾಟೋ ಮುಟಗುಚಿಯ ಆರ್ಡರ್ ಮೀರಿ ಡಿವಿಷನ್ನನ್ನ ಹಿಂದಕ್ಕೆ ಕರ್ಕೊಂಡು ಹೋದ. ಜಪಾನಿ ಸೇನೆಯಲ್ಲಿ ಡಿವಿಷನ್ ಕಮಾಂಡರ್ ಒಬ್ಬ ಹಾಗೆ ಮಾಡಿದ್ದು ಕೇಳರಿಯದ ವಿಷಯ. ಕೋರ್ಟ್ ಮಾರ್ಷಲ್ ಆದ್ರೆ ಎಲ್ಲಾ ಹೇಳಿಬಿಡ್ತೀನಿ ಅಂತ ಕಾದಿದ್ದ, ಅವರು ತಲೆ ಸರಿಯಿಲ್ಲ ಅಂತ ಬರೆದು ವಿಚಾರಣೆನೇ ಮಾಡಲಿಲ್ಲ.

ಟೋಕಿಯೋ ಬೇಡ ಅಂದಿದ್ದ ದಾಳಿನ 1938ರಲ್ಲಿ ನಡೆಸಿಕೊಟ್ಟವನು ಮತ್ತೆ ತನ್ನ ಹುಡುಗರನ್ನ ಉಳಿಸೋಕೆ ಆರ್ಡರ್ ಮೀರಿದವನು ಒಬ್ಬನೇ. ನಮ್ಮ ಮೇಲೆ ದಾಳಿ ಮಾಡೋಕೆ ಬಂದವನು, ಅದನ್ನ ಮರೆಯೋಕಾಗಲ್ಲ, ಆದ್ರೆ ಆ ಎರಡನೇ ನಿರ್ಧಾರಕ್ಕೆ ನಂಗೆ ಗೌರವ ಇದೆ. ಮನೆಯಲ್ಲಿ ತಾತನ ಹಳೇ ಡಿಸ್ಚಾರ್ಜ್ ಬುಕ್ ಇದ್ರೆ ಒಂದ್ಸಲ ತೆಗೆದು ನೋಡಿ, ಯಾವ ಯೂನಿಟ್, ಯಾವ ವರ್ಷ ಅಂತ ಬರ್ಕೊಳಿ. 1944ರ ಏಪ್ರಿಲಿಂದ ಜೂನ್‌ವರೆಗೆ ಅವರು ಕೊಹಿಮಾ ಕಡೆ ಇದ್ದಿದ್ರೆ, ಎದುರುಗಡೆ ಇದ್ದ ಡಿವಿಷನ್ ಸಾಟೋದು.