ಆಲ್ಬಮ್ ಲಾಗ್ 3: ನಾಲ್ಕು ಸ್ವರಕ್ಕೆ ಹನ್ನೊಂದು ದಿನ

ಮನೆಯಲ್ಲೇ ಟ್ರಾಂಬೋನ್ ಊದಿ ಮಾಡ್ತಿರೋ ಆಲ್ಬಮ್ಮಿನ ಮೂರನೇ ಟ್ರ್ಯಾಕಿನಲ್ಲಿ ಕೈಕೊಡ್ತಿದ್ದ ನಾಲ್ಕು ಸ್ವರ ಕೊನೆಗೂ ಸಿಕ್ಕಿತು. ನಿನ್ನೆ ರಾತ್ರಿ ಹತ್ತೂವರೆಗೆ, 43ನೇ ಟೇಕಿನಲ್ಲಿ. ಖುಷಿಗೆ ಒಂದು ಸಲ ಕೂಗೋಣ ಅಂದ್ರೆ ಕೆಳಗಿನ ಮನೆ ಆಂಟಿ ಆಗಲೇ ಬಂದು "ಏನಪ್ಪಾ, ಮನೇಲಿ ಆನೆ ಕಟ್ಟಿದ್ದೀಯಾ?" ಅಂತ ಕೇಳಿ ಹೋಗಿದ್ದರು. ಸುಮ್ನೆ ಕೂತು ಮೊಸರನ್ನ ತಿಂದೆ.

ಮೊದಲ ಎರಡು ಟ್ರ್ಯಾಕ್ ತೊಂದರೆ ಕೊಡದೆ ಮುಗಿದವು, ಬಿಡಿ. ಮೂರನೆಯದು 'ಸಾಂಗ್ ಆಫ್ ಇಂಡಿಯಾ'. ರಿಮ್‌ಸ್ಕಿ ಕೊರ್ಸಕೋವ್ ತನ್ನ 'ಸಾಡ್ಕೊ' ಒಪೆರಾದಲ್ಲಿ ಇಂಡಿಯಾದ ವ್ಯಾಪಾರಿಯೊಬ್ಬನ ಬಾಯಲ್ಲಿ ಹಾಡಿಸಿದ್ದು. 1937ರಲ್ಲಿ ಅಮೆರಿಕದ ಟ್ರಾಂಬೋನ್ ವಾದಕ ಟಾಮಿ ಡಾರ್ಸಿ ಅದನ್ನೇ ಸ್ವಿಂಗ್ ಅನ್ನೋ ಜಾಝ್ ಶೈಲಿಗೆ ತಂದು ಜನ ಕುಣಿಯೋ ಹಾಗೆ ಮಾಡಿದ. ಅಂದರೆ ರಷ್ಯಾದವನೊಬ್ಬ ಊಹಿಸಿಕೊಂಡ ಇಂಡಿಯಾ, ಅಮೆರಿಕದವನ ಟ್ರಾಂಬೋನ್ ದಾಟಿ, ಈಗ ಬೆಂಗಳೂರಿನ ಬೆಡ್‌ರೂಮಿಗೆ ಬಂದಿದೆ. ನನ್ನ ವಾದ್ಯವೋ, ಮದುವೆ ಬ್ಯಾಂಡಿನವರಿಂದ ಸೆಕೆಂಡ್ ಹ್ಯಾಂಡ್ ತಂದದ್ದು.

ಬಿ ಫ್ಲಾಟಿಗೆ ಕೂರಿಸಿದ ನನ್ನ ಅರೇಂಜ್‌ಮೆಂಟಿನಲ್ಲಿ ಎಫ್, ಇ, ಇ ಫ್ಲಾಟ್, ಡಿ ಅಂತ ಅರ್ಧರ್ಧ ಸ್ವರ ಇಳಿಯುವ ಜಾಗ ಇದೆ. ನಾಲ್ಕೇ ಸ್ವರ. ಪಿಯಾನೋದವರು ನಿದ್ದೆಯಲ್ಲೂ ನುಡಿಸಿಬಿಡ್ತಾರೆ. ನಮಗೆ ಸ್ಲೈಡ್, ಅಂದರೆ ಹಿಂದೆ ಮುಂದೆ ಜಾರುವ ಕೊಳವೆ, ಒಂದು, ಎರಡು, ಮೂರನೇ ಪೊಸಿಷನ್ (ಅದು ನಿಲ್ಲುವ ಜಾಗ) ಅಂತ ಹೊರಗೆ ಹೋಗುತ್ತದೆ, ಮೂರೂ ಒಂದೇ ಹಾರ್ಮೋನಿಕ್ (ಸ್ಲೈಡ್ ಅಲ್ಲಾಡಿಸದೆ ತುಟಿಯ ಬಿಗಿ ಬದಲಿಸಿದರೆ ಸಿಗೋ ಸ್ವರಗಳ ಏಣಿಯಲ್ಲಿ ಒಂದು ಮೆಟ್ಟಿಲು), ಉಸಿರು ಕಡಿಯದೆ ಎಳೆದರೆ ಸ್ವರಗಳ ನಡುವೆ ಅಂಟು ಬೆಲ್ಲದ ಹಾಗೆ ಎಳೆ ಬರುತ್ತದೆ. ಆಮೇಲೆ ಡಿಗೆ ಅಭ್ಯಾಸಬಲದಿಂದ ಒಂದನೇ ಪೊಸಿಷನ್‌ಗೆ ಕೈ ವಾಪಸ್ ಬಂದರೆ ಹಾರ್ಮೋನಿಕ್ ಬದಲಾಗಿ ಟಕ್ ಅಂತ ಕಡಿಯುತ್ತದೆ. ಮೊದಲ ಮೂರು ಸ್ವರ ಜಾರಿ, ನಾಲ್ಕನೆಯದು ಮೆಟ್ಟಿಲು ತಪ್ಪಿ ಬಿದ್ದ ಹಾಗೆ. ಸಾಲದ್ದಕ್ಕೆ ಆ ಡಿ ಐದನೇ ಹಾರ್ಮೋನಿಕ್, ಹುಟ್ಟಿನಿಂದಲೇ ಸುಮಾರು 14 ಸೆಂಟ್ (ಅರ್ಧ ಸ್ವರದ ನೂರರಲ್ಲಿ ಹದಿನಾಲ್ಕು ಪಾಲು) ಇಳಿದಿರುತ್ತದೆ, ಸರಿ ಮಾಡೋಣ ಅಂದ್ರೆ ಸ್ಲೈಡನ್ನು ಇನ್ನೂ ಒಳಗೆ ತಳ್ಳೋಕೆ ಜಾಗವೇ ಇಲ್ಲ.

ಎಂಟು ದಿನ ತುಟಿಯನ್ನೇ ಬೈದುಕೊಂಡೆ. ಉತ್ತರ ಇದ್ದದ್ದು ನಾಲ್ಕನೇ ಪೊಸಿಷನ್‌ನಲ್ಲಿ! ಡಿಯನ್ನೂ ಅಲ್ಲೇ ಹಿಡಿದರೆ ನಾಲ್ಕೂ ಆರನೇ ಹಾರ್ಮೋನಿಕ್‌ನಲ್ಲೇ ಉಳಿಯುತ್ತವೆ. ಶ್ರುತಿಯೂ ಸರಿ, ಬಣ್ಣವೂ ಒಂದೇ. ಎಳೆ ಕತ್ತರಿಸಲು ನಾಲಗೆ 'ತ' ಅನ್ನದೆ ಮೆತ್ತಗೆ 'ದ' ಅನ್ನಬೇಕು, ಕೈ ಕೊನೇ ಕ್ಷಣದವರೆಗೂ ಅಲ್ಲಾಡದೆ ಇದ್ದು ಆಮೇಲೆ ಒಂದೇ ಏಟಿಗೆ ಹೋಗಬೇಕು. ಕೇಳೋಕೆ ಸುಲಭ, ಅಲ್ವಾ?

ಆದರೆ ಕೈ ಹೋಗೋಕೆ ಸ್ಲೈಡ್ ಜಾರಬೇಕಲ್ಲ. ಸ್ಲೈಡ್ ಕ್ರೀಮ್ ಆರ್ಡರ್ ಮಾಡಿದರೆ ಆನ್‌ಲೈನ್ ಮಹಾಶಯರು ಕಳಿಸಿದ್ದು ಟ್ರಂಪೆಟ್ಟಿನ ವಾಲ್ವ್ ಆಯಿಲ್. ಫೋನ್ ಮಾಡಿದರೆ "ಸಾರ್, ಎರಡೂ ಎಣ್ಣೆನೇ ಅಲ್ವಾ?" ಅಂತಾರೆ. ಹಾಗಾದ್ರೆ ದೋಸೆಗೂ ಅದನ್ನೇ ಹಾಕ್ತೀರಾ ಅಂತ ಬಾಯಿಗೆ ಬಂದಿತ್ತು, ನುಂಗಿಕೊಂಡೆ. ಹಳೇ ಡಬ್ಬಿಯ ತಳ ಕೆರೆದು ಬೆರಳ ತುದಿಯಷ್ಟು ಕ್ರೀಮ್ ತೆಗೆದೆ, ಒಳಗಿನ ಕೊಳವೆಗಳ ತುದಿಗೆ ತೆಳ್ಳಗೆ ಸವರಿ, ಇಸ್ತ್ರಿ ಬಟ್ಟೆಗೆ ನೀರು ಹೊಡೆಯೋ ಸ್ಪ್ರೇ ಬಾಟಲಿಯಿಂದ ಎರಡು ಸಲ ಚಿಮುಕಿಸಿದೆ. ಬೆಣ್ಣೆ!

ಈ ಗುಂಗಿನಲ್ಲೇ ಮುಂದಿನ ಹುಚ್ಚು ಹತ್ತಿದೆ: ಮಾಯಾಮಾಳವಗೌಳ ರಾಗ. ಬಿ ಫ್ಲಾಟನ್ನು ಷಡ್ಜ ಮಾಡಿಕೊಂಡರೆ ಕೆಳಗಿನ ಸ ಒಂದನೇ ಪೊಸಿಷನ್, ಪಕ್ಕದ ರಿ ಏಳನೆಯದು! ಅರ್ಧ ಸ್ವರಕ್ಕೆ ಇಡೀ ತೋಳು, ಗಮಕದ ಮಾತೇ ಇಲ್ಲ. ಎಫ್ ಟ್ರಿಗರ್ (ಹೆಬ್ಬೆರಳಲ್ಲಿ ಒತ್ತಿದರೆ ಇನ್ನಷ್ಟು ಕೊಳವೆ ಸೇರಿಸೋ ಕೀಲಿ) ಇರೋ ವಾದ್ಯದಲ್ಲಿ ಅದೇ ಸ ಮೂರರ ಆಸುಪಾಸು, ರಿ ಎರಡರ ಆಸುಪಾಸು ಸಿಗುತ್ತದೆ. ಬೆಲೆ ನೋಡಿ ಆ ಟ್ಯಾಬ್ ಮುಚ್ಚಿದ್ದೇನೆ, ಬುಕ್‌ಮಾರ್ಕ್ ಮಾತ್ರ ಅಳಿಸಿಲ್ಲ.

ಈ ವಾರ ಇದೇ ಟ್ರ್ಯಾಕಿಗೆ ಕೆಳಗಿನ ಎರಡು ಹಾರ್ಮನಿ ಲೈನ್ ಹಾಕಬೇಕು. ಅಂಗಡಿಯವರು ಬೆಳಿಗ್ಗೆ ವಾಟ್ಸಾಪ್ ಮಾಡಿದ್ದಾರೆ: "ಸಾರ್, ನಿಮ್ಮ ಕ್ರೀಮ್ ಬಂದಿದೆ." ಫೋಟೋ ದೊಡ್ಡದು ಮಾಡಿ ನೋಡಿದೆ. ಅದೇ ವಾಲ್ವ್ ಆಯಿಲ್.