ಉಷ್ಣ ಅಂದುಕೊಂಡಿದ್ದು

ದೊಡ್ಡಮ್ಮ ಉಪ್ಪುಸಾರು ಬೇಡ ಅಂದ ದಿನವೇ ನನಗೆ ಅನುಮಾನ ಬರಬೇಕಿತ್ತು. ಮುದ್ದೆಗೆ ಖಾರ ಜಾಸ್ತಿ ಹಾಕಿಸಿಕೊಂಡು, ಕಣ್ಣಲ್ಲಿ ನೀರು ಸುರಿದರೂ ಬಿಡದೆ ಉಣ್ಣೋ ಹೆಂಗಸು. ಅವತ್ತು ತಟ್ಟೆಗೆ ಮಜ್ಜಿಗೆ ಸುರಿದುಕೊಂಡು, "ಬಾಯಿ ಉರೀತೈತೆ ಕಣೋ, ಉಷ್ಣ ಆಗೈತೆ" ಅಂದಳು. ನಾವೂ ಹೂಂ ಅಂದೆವು. ನೆತ್ತಿಗೆ ಹರಳೆಣ್ಣೆ ತಟ್ಟಿದ್ದಾಯಿತು. ಮೆಡಿಕಲ್ ಸ್ಟೋರಿಂದ ಬಿ ಕಾಂಪ್ಲೆಕ್ಸ್ ಮಾತ್ರೆ ಬಂತು. ಹಾಗೇ ಎರಡು ತಿಂಗಳು ಕಳೆಯಿತು.

ನಮ್ಮದು ಗುಬ್ಬಿ ಕಡೆ, ಅಡಿಕೆ ತೋಟದ ಮನೆ. ಬಂದವರಿಗೆ ಎಲೆ ಅಡಿಕೆ ತಟ್ಟೆ ಇಡದಿದ್ದರೆ ಮರ್ಯಾದೆ ಹೋಗುತ್ತೆ. ಅದನ್ನು ಚಟ ಅಂತ ಯಾರೂ ಅನ್ನಲ್ಲ. ದೊಡ್ಡಮ್ಮನ ಸಂಚಿಯಲ್ಲಿ ಸುಣ್ಣದ ಡಬ್ಬಿ, ಒಂದು ಚೂರು ಹೊಗೆಸೊಪ್ಪು ಯಾವಾಗಲೂ ಇರುತ್ತಿತ್ತು. ಎಡಗೆನ್ನೆಗೆ ಒತ್ತರಿಸಿಕೊಂಡರೆ ಗಂಟೆಗಟ್ಟಲೆ. ಆ ಎರಡು ತಿಂಗಳಲ್ಲಿ ಅದು ಬಲಗೆನ್ನೆಗೆ ಹೋಗಿತ್ತು. ನಾನು ಅದನ್ನೂ ನೋಡಿದ್ದೆ. ಸುಮ್ನೆ ನೋಡಿದ್ದೆ, ಅಷ್ಟೇ.

ತುಮಕೂರಿಗೆ ಕರೆದುಕೊಂಡು ಹೋಗಿದ್ದು ಹಲ್ಲಿನ ನೆಪದಲ್ಲಿ. ಡಾಕ್ಟರು, "ಅಜ್ಜಿ, ಮೂರು ಬೆರಳು ಜೋಡಿಸಿ ಬಾಯೊಳಗೆ ಇಡಿ" ಅಂದರು. ಎರಡಕ್ಕೇ ನಿಂತುಹೋಯಿತು. ಟಾರ್ಚ್ ಬಿಟ್ಟು ನನಗೂ ತೋರಿಸಿದರು. ಕೆನ್ನೆ ಒಳಗೆ ಸುಣ್ಣ ಬಳಿದಂಥ ಬಿಳಿ ಮಚ್ಚೆ. ನಡುವೆ ಎಂಟಾಣೆ ಅಗಲದ ಕೆಂಪು ಹುಣ್ಣು, ಅಂಚು ಗಟ್ಟಿ.

"ನೋವಿದೆಯಾ ಅಜ್ಜಿ?"

"ಇಲ್ಲ ಸ್ವಾಮಿ, ಖಾರ ತಾಗಿದರೆ ಉರಿ."

ನೋವಿಲ್ಲ ಅಂದಿದ್ದು ಕೇಳಿ ನನಗೆ ಸಮಾಧಾನ. ಡಾಕ್ಟರ ಮುಖ ಮಾತ್ರ ಇನ್ನೂ ಬಿಗಿಯಾಯಿತು. ಮಾಮೂಲಿ ಬಾಯಿಹುಣ್ಣು ಎರಡು ವಾರದಲ್ಲಿ ಮಾಯುತ್ತೆ, ಮೂರು ವಾರ ದಾಟಿದರೆ ತೋರಿಸಲೇಬೇಕು, ಈ ಕಾಯಿಲೆ ಶುರುವಿನಲ್ಲಿ ನೋಯೋದು ಕಡಿಮೆ ಅಂದರು. ಚೂರು ತೆಗೆದು ಬಯಾಪ್ಸಿಗೆ ಕಳಿಸೋಣ ಅಂದಾಗ ದೊಡ್ಡಪ್ಪ ಅಡ್ಡ ಬಂದರು. "ಕತ್ತಿ ತಾಗಿದರೆ ಹರಡ್ತದಂತೆ?" "ತಡ ಮಾಡಿದರೆ ಹರಡುತ್ತೆ ಯಜಮಾನ್ರೇ," ಅಂದರು ಡಾಕ್ಟರು.

ರಿಪೋರ್ಟ್ ಬಂತು. ಕ್ಯಾನ್ಸರೇ.

ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಲ್ಲಿ ಸಾಲಿನಲ್ಲಿ ಕೂತರೆ ಒಬ್ಬೊಬ್ಬರದೂ ಒಂದೊಂದು ಥರದ "ಉಷ್ಣ". ಪಾವಗಡದ ಹೆಂಗಸಿಗೆ ಎದೆಯಲ್ಲಿ ಗಂಟು. ನೋಯಲಿಲ್ಲ ಅಂತ ವರ್ಷ ಬಿಟ್ಟಿದ್ದರು. ಬೀಡಿ ಸೇದುತ್ತಿದ್ದ ಶಿರಾದ ಮೇಷ್ಟ್ರಿಗೆ ಮೂರು ತಿಂಗಳಿಂದ ಗಂಟಲು ಕಟ್ಟಿತ್ತು. ಶೀತ ಅಂತ ಕಷಾಯ ಕುಡಿದಿದ್ದೇ ಕುಡಿದಿದ್ದು. ಪಕ್ಕದ ಅಜ್ಜಿಯ ಸೊಸೆ ನನ್ನ ಹೆಂಡತಿಯ ಕಿವಿಯಲ್ಲಿ ಹೇಳಿದಳಂತೆ: ಮುಟ್ಟು ನಿಂತು ಎಷ್ಟೋ ವರ್ಷದ ಮೇಲೆ ಮತ್ತೆ ರಕ್ತ ಕಂಡಿತ್ತು, ಅತ್ತೆ ನಾಚಿಕೆಗೆ ಬಾಯಿ ಬಿಟ್ಟಿರಲಿಲ್ಲ.

ಹೊಗೆಸೊಪ್ಪು ಕೆಟ್ಟದ್ದು ಅಂತ ನಮಗೂ ಗೊತ್ತಿತ್ತು. ಹೊಗೆಸೊಪ್ಪಿಲ್ಲದ ಬರೀ ಅಡಿಕೆಯೂ ಕ್ಯಾನ್ಸರ್ ತರುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಪ್ರಕಟಿಸಿದೆ. ಅದನ್ನು ನಾನು ಓದಿದ್ದು ಆಮೇಲೆ. ಮೊದಲೇ ಓದಿದ್ದರೂ ನಮ್ಮನೆಯಲ್ಲಿ ಯಾರ ಮುಂದೆ ಹೇಳೋದು? ಆಪರೇಷನ್ನಿಗೆ ಓಡಾಡಿದ ದುಡ್ಡೂ ಅಡಿಕೆ ಮಾರಿದ್ದೇ ಅಲ್ವಾ.

ಆಪರೇಷನ್ ಆಯಿತು, 30 ಸಲ ಕರೆಂಟು, ಅಂದರೆ ರೇಡಿಯೇಷನ್, ಕೊಟ್ಟಿದ್ದೂ ಆಯಿತು. ದೊಡ್ಡಮ್ಮ ಈಗ ಮುದ್ದೆಯನ್ನು ಹಾಲಲ್ಲಿ ಕಿವುಚಿಕೊಂಡು ಉಣ್ಣುತ್ತಾಳೆ. ಸಂಚಿ ಗೋಡೆಯ ಮೊಳೆಗೆ ನೇತಾಡುತ್ತಿದೆ. ಮೊನ್ನೆ ಕೊಯ್ಲಿಗೆ ಬಂದಿದ್ದ ಹುಡುಗನೊಬ್ಬ ಗುಟ್ಕಾ ಪೊಟ್ಟಣ ಹರಿಯುತ್ತಿದ್ದ. ದೊಡ್ಡಮ್ಮ ಜಗಲಿಯಿಂದಲೇ ಕೂಗಿದಳು, "ಏಯ್, ಬಾ ಇಲ್ಲಿ. ಮೂರು ಬೆರಳು ಜೋಡಿಸು. ಬಾಯಾಗೆ ಇಡು, ನೋಡಾನ."