ಸ್ಕಾಟ್ಲೆಂಡಿನ ಗುಡ್ಡಗಳಲ್ಲಿ ನಾನೇ ಎಳೆದ ದಾರಿ

ಟಿಜಿಒ ಚಾಲೆಂಜ್ ಅಂತ ಒಂದು ನಡಿಗೆ ಇದೆ. ಟಿಜಿಒ ಅಂದರೆ ದಿ ಗ್ರೇಟ್ ಔಟ್‌ಡೋರ್ಸ್, ಒಂದು ಪತ್ರಿಕೆಯ ಹೆಸರು. ವರ್ಷಕ್ಕೊಮ್ಮೆ, ಮೇ ತಿಂಗಳಲ್ಲಿ. ಸ್ಕಾಟ್ಲೆಂಡಿನ ಪಶ್ಚಿಮದ ಕಡಲಿನಿಂದ ಹೊರಟು, ಗುಡ್ಡ ಕಣಿವೆಗಳನ್ನು ದಾಟಿ, ಪೂರ್ವದ ಕಡಲು ಮುಟ್ಟಬೇಕು. ಗೈಡ್ ಇಲ್ಲ, ದಾರಿಯಲ್ಲಿ ಬಾಣದ ಗುರುತಿಲ್ಲ, ಸಾಮಾನು ಹೊರುವವರಿಲ್ಲ. ಹೊರಡುವ ಊರುಗಳ ಪಟ್ಟಿ ಕೊಡುತ್ತಾರೆ. ಅದರಲ್ಲಿ ಒಂದನ್ನು ಆರಿಸಿಕೊಂಡ ಮೇಲೆ ಯಾವ ಕಣಿವೆ ಹಿಡಿಯಬೇಕು, ಯಾವ ಹೊಳೆ ದಾಟಬೇಕು, ರಾತ್ರಿ ಎಲ್ಲಿ ಮಲಗಬೇಕು, ಎಲ್ಲವನ್ನೂ ನಡೆಯುವವರೇ ತೀರ್ಮಾನಿಸಬೇಕು.

ಹೇಮಿಶ್ ಬ್ರೌನ್ ಅವರ ತಲೆಯಲ್ಲಿ ಹುಟ್ಟಿದ್ದು ಇದು, ಮೊದಲ ಸಲ ನಡೆದದ್ದು 1980ರಲ್ಲಿ. 3,000 ಅಡಿಗಿಂತ ಎತ್ತರದ ಸ್ಕಾಟ್ಲೆಂಡಿನ ಬೆಟ್ಟಗಳಿಗೆ ಮನ್ರೋ ಅನ್ನುತ್ತಾರೆ. ಅವನ್ನೆಲ್ಲ 1974ರಲ್ಲಿ ಒಂದೇ ಸುತ್ತಿನಲ್ಲಿ ಹತ್ತಿ ಮುಗಿಸಿದ ಮೊದಲಿಗರು ಅವರು. ಅಂಥವರು ಶುರು ಮಾಡಿದ್ದಾದರೂ ಇದು ಓಟದ ಸ್ಪರ್ಧೆ ಅಲ್ಲ. ಯಾರು ಮೊದಲು ಬಂದರು ಅಂತ ಯಾರೂ ಕೇಳುವುದಿಲ್ಲ. ಹದಿನೈದು ದಿನದೊಳಗೆ ಮುಗಿಸಿದರೆ ಸಾಕು. ಒಬ್ಬರೇ ಹೋಗಬಹುದು, ನಾಲ್ಕು ಜನರವರೆಗೆ ಗುಂಪಾಗಿಯೂ ಹೋಗಬಹುದು. ನಾನು ಒಬ್ಬಳೇ ಹೋದೆ.

ತೀರ್ಥಹಳ್ಳಿಯಲ್ಲಿರುವ ಅಕ್ಕನಿಗೆ ಫೋನಿನಲ್ಲಿ ಹೇಳಿದಾಗ ಅವಳು ಕೇಳಿದ ಮೊದಲ ಪ್ರಶ್ನೆ, "ರಾತ್ರಿ ಎಲ್ಲಿ ಮಲಗ್ತೀಯೇ ಮಾರಾಯ್ತಿ?"

"ಟೆಂಟಲ್ಲಿ."

"ಯಾರ ಜಾಗದಲ್ಲಿ?"

"ಯಾರದ್ದೋ ಜಾಗದಲ್ಲಿ."

"ಅವ್ರು ಸುಮ್ನೆ ಬಿಡ್ತಾರಾ? ನಮ್ಮ ತೋಟದಲ್ಲಿ ಯಾರಾದ್ರೂ ಬಂದು ಟೆಂಟ್ ಹಾಕಿದ್ರೆ ಭಾವ ಬಿಡ್ತಾರಾ?"

ಅಡಿಕೆ ತೋಟ ಇರುವವಳು ಕೇಳಬೇಕಾದ ಪ್ರಶ್ನೆಯೇ. ಇಲ್ಲಿ 2003ರಲ್ಲಿ ಸ್ಕಾಟ್ಲೆಂಡಿನ ಪಾರ್ಲಿಮೆಂಟ್ ಒಂದು ಭೂಸುಧಾರಣಾ ಕಾಯ್ದೆ ತಂದಿತು. ಜಮೀನು ಯಾರದ್ದೇ ಆಗಿರಲಿ, ಅದರ ಮೇಲೆ ನಡೆದು ಹೋಗುವ ಹಕ್ಕು ಎಲ್ಲರಿಗೂ ಇದೆ. ಒಂದೆರಡು ರಾತ್ರಿ ಸಣ್ಣ ಟೆಂಟ್ ಹಾಕಿ ಮಲಗುವ ಹಕ್ಕೂ ಇದೆ. ಆದರೆ ಜವಾಬ್ದಾರಿಯಿಂದ ಇರಬೇಕು. ಮನೆಯ ಅಂಗಳಕ್ಕೆ ನುಗ್ಗುವ ಹಾಗಿಲ್ಲ, ಬೆಳೆ ತುಳಿಯುವ ಹಾಗಿಲ್ಲ, ಕಸ ಬಿಡುವ ಹಾಗಿಲ್ಲ. ಇದನ್ನೆಲ್ಲ ಅಕ್ಕನಿಗೆ ಬಿಡಿಸಿ ಹೇಳಿದೆ. ಇಡೀ ನಡಿಗೆ ನಿಂತಿರುವುದೇ ಈ ಹಕ್ಕಿನ ಮೇಲೆ. ಅದಿಲ್ಲದಿದ್ದರೆ ನಕ್ಷೆಯ ಮೇಲೆ ಪೆನ್ಸಿಲ್ ಹಿಡಿದು ಕೂತು ಏನು ಪ್ರಯೋಜನ, ಅಲ್ವಾ?

ನಮ್ಮ ಪಶ್ಚಿಮ ಘಟ್ಟದಲ್ಲಿ ಹೀಗೆ ಮಾಡಲು ಆಗುವುದಿಲ್ಲ. ಕುಮಾರ ಪರ್ವತಕ್ಕೋ ಕುದುರೆಮುಖಕ್ಕೋ ಹೋಗಬೇಕಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು, ಅವರು ಗೊತ್ತು ಮಾಡಿದ ದಾರಿಯಲ್ಲೇ ಹೋಗಬೇಕು. ಅದು ಸರಿಯೇ. ಆನೆ, ಕಾಟಿ, ಹುಲಿ ಇರುವ ಕಾಡು ಅದು. ಸ್ಕಾಟ್ಲೆಂಡಿನಲ್ಲಿ ತೋಳವನ್ನೂ ಕರಡಿಯನ್ನೂ ನೂರಾರು ವರ್ಷಗಳ ಹಿಂದೆಯೇ ಬೇಟೆಯಾಡಿ ಮುಗಿಸಿದ್ದಾರೆ. ಟೆಂಟಿನಲ್ಲಿ ನಿಶ್ಚಿಂತೆಯಾಗಿ ಮಲಗುವಾಗ ಇದನ್ನು ನೆನೆದು ನನಗೆ ಬೇಸರವೂ ಆಗುತ್ತಿತ್ತು.

ನಡಿಗೆ ಮೇ ತಿಂಗಳಲ್ಲಿ. ಆದರೆ ನನ್ನ ಮಟ್ಟಿಗೆ ಅದು ಶುರುವಾಗಿದ್ದು ಚಳಿಗಾಲದಲ್ಲೇ. ನಾನಿರುವ ಡಂಡೀಯಲ್ಲಿ ಡಿಸೆಂಬರಿನಲ್ಲಿ ನಾಲ್ಕು ಗಂಟೆಗೆಲ್ಲ ಕತ್ತಲು. ಕೆಲಸ ಮುಗಿಸಿ ಬಂದು ನಡುಮನೆಯ ನೆಲದ ಮೇಲೆ ನಕ್ಷೆ ಹರಡುತ್ತಿದ್ದೆ. ಒಂದು ಕಿಲೋಮೀಟರಿಗೆ ಎರಡು ಸೆಂಟಿಮೀಟರಿನ ಆರ್ಡ್ನೆನ್ಸ್ ಸರ್ವೆ ನಕ್ಷೆಗಳು. ಹತ್ತು ಮೀಟರಿಗೊಂದು ಎತ್ತರದ ಗೆರೆ. ಗೆರೆಗಳು ಒತ್ತಾಗಿದ್ದರೆ ಕಡಿದಾದ ಜಾಗ, ದೂರದೂರ ಇದ್ದರೆ ಸಮ, ಸಮವಾಗಿದ್ದರೆ ಬಹುಶಃ ಜೌಗು. ಪ್ರತಿ ದಿನಕ್ಕೂ ದೂರ ಎಷ್ಟು, ಏರು ಎಷ್ಟು, ರಾತ್ರಿ ತಂಗುವ ಜಾಗ ನಕ್ಷೆಯಲ್ಲಿ ಎಲ್ಲಿ, ಹವಾಮಾನ ಕೆಟ್ಟರೆ ಬದಲಿ ದಾರಿ ಯಾವುದು, ಎಲ್ಲ ಬರೆದು ಕಳಿಸಬೇಕು.

ಅದನ್ನು ಓದುವುದಕ್ಕೆ ಪರಿಶೀಲಕರಿದ್ದಾರೆ. ವೆಟ್ಟರ್ ಅಂತ ಕರೆಯುತ್ತಾರೆ. ಹತ್ತಾರು ಸಲ ಇದೇ ಗುಡ್ಡಗಳನ್ನು ದಾಟಿದವರು. ನನ್ನ ಹಾಳೆಗೆ ಉತ್ತರ ಬಂದಾಗ ಓದಿ ನಿಜಕ್ಕೂ ಕಣ್ಣು ತುಂಬಿತು. ಅಷ್ಟು ಪ್ರೀತಿಯಿಂದ ಓದಿದ್ದರು. ಫೆಶಿ ನದಿಯ ದಂಡೆಯಲ್ಲಿ ಕಾಲುದಾರಿ ಅಲ್ಲಲ್ಲಿ ಕುಸಿದು ಹೊಳೆಗೆ ಬಿದ್ದಿದೆ, ಆ ಜಾಗದಲ್ಲಿ ಮೇಲಕ್ಕೆ ಹತ್ತಿ ಸುತ್ತಿಕೊಂಡು ಹೋಗಿ ಅಂತ ಬರೆದಿದ್ದರು. ಇಂಥ ಕಡೆ ಟೆಂಟಿಗೆ ಒಣ ಜಾಗ ಸಿಗುತ್ತದೆ ಅಂತ ಇನ್ನೊಂದು ಸಾಲು. ಒಬ್ಬಳೇ ಹೋಗಬೇಡಿ ಅಂತ ಎಲ್ಲೂ ಬರೆದಿರಲಿಲ್ಲ. ನಾನು ಎಳೆದ ದಾರಿಯನ್ನು ನನ್ನದಾಗಿಯೇ ಬಿಟ್ಟು, ಅದರಲ್ಲಿ ನಾನು ಕ್ಷೇಮವಾಗಿ ಹೋಗುವುದು ಹೇಗೆ ಅಂತ ಮಾತ್ರ ಯೋಚಿಸಿದ್ದರು.

ಊಟದ ಬಗ್ಗೆ ತುಂಬ ಜನ ಕೇಳಿದ್ದಾರೆ. ನಾನು ಸಸ್ಯಾಹಾರಿ. ರವೆ ಹುರಿದು, ಒಗ್ಗರಣೆ ಹಾಕಿ, ಉಪ್ಪು ಬೆರೆಸಿ ಸಣ್ಣ ಸಣ್ಣ ಪೊಟ್ಟಣ ಕಟ್ಟಿಕೊಂಡಿದ್ದೆ. ಕುದಿಯುವ ನೀರು ಹಾಕಿ ಮುಚ್ಚಿಟ್ಟರೆ ಉಪ್ಪಿಟ್ಟು. ತೆಳು ಅವಲಕ್ಕಿಗೆ ಚಟ್ನಿಪುಡಿ. ಹುಳಿಯನ್ನು ಗಟ್ಟಿಯಾಗಿ ಮಾಡಿ, ಡಿಹೈಡ್ರೇಟರಿನಲ್ಲಿ ಒಣಗಿಸಿ, ಪುಡಿ ಮಾಡಿಕೊಂಡಿದ್ದೆ. ಜೊತೆಗೆ ಬೆಲ್ಲ, ನೆಲಗಡಲೆ. ಇದನ್ನೆಲ್ಲ ಒಮ್ಮೆಗೇ ಹೊರಲು ಆಗುವುದಿಲ್ಲ. ಅರ್ಧವನ್ನು ಮುಂದಿನ ಊರುಗಳ ತಂಗುಮನೆಗಳಿಗೆ ಮೊದಲೇ ಪಾರ್ಸೆಲ್ ಕಳಿಸಿದ್ದೆ. ಗಾಳಿಮಳೆಯಲ್ಲಿ ನಡೆದು ಬಂದ ಸಂಜೆ ಟೆಂಟಿನ ಬಾಯಲ್ಲಿ ಕೂತು ಬಿಸಿ ಹುಳಿ ಕುಡಿಯುವ ಸುಖಕ್ಕೆ ಬೇರೆ ಯಾವುದೂ ಸಮ ಇಲ್ಲ.

ನಾನು ಆರಿಸಿದ್ದು ಶೀಲ್ ಬ್ರಿಜ್. ಲಾಕ್ ಡೂಯಿಕ್ ಅನ್ನುವ ಕಡಲ ಚಾಚಿನ ತುದಿಯ ಊರು. ಉಪ್ಪುನೀರಿಗೆ ಬೂಟು ತಾಗಿಸಿ ಹೊರಟೆ. ಗ್ಲೆನ್ ಲಿಖ್ಡ್ ಕಣಿವೆ ಹತ್ತಿ, ಅಬ್ಬಿಯ ಪಕ್ಕದ ಕಡಿದಾದ ದಾರಿಯಲ್ಲಿ ಏರಿದರೆ ಮೇಲೆ ಕ್ಯಾಂಬನ್ ಅನ್ನುವ ಬಾಥಿ ಸಿಗುತ್ತದೆ. ಬಾಥಿ ಅಂದರೆ ಗುಡ್ಡದ ನಡುವೆ ಇರುವ ಕಲ್ಲಿನ ಹಳೇ ಮನೆ. ಬೀಗ ಇಲ್ಲ, ಬಾಡಿಗೆ ಇಲ್ಲ, ಕರೆಂಟಿಲ್ಲ. ಯಾರು ಬೇಕಾದರೂ ಬಂದು ಮಲಗಬಹುದು. 1965ರಲ್ಲಿ ಶುರುವಾದ ಮೌಂಟನ್ ಬಾಥೀಸ್ ಅಸೋಸಿಯೇಶನ್ನಿನ ಸ್ವಯಂಸೇವಕರು ಇಂಥ ಸುಮಾರು 100 ಮನೆಗಳ ಸೂರು, ಬಾಗಿಲು ಸರಿಮಾಡುತ್ತಾ ಉಳಿಸಿಕೊಂಡಿದ್ದಾರೆ.

ಅಲ್ಲಿಂದ ಗ್ಲೆನ್ ಆಫ್ರಿಕ್‌ನ ಹಳೇ ಪೈನ್ ಮರಗಳು, ದಿನವಿಡೀ ಕೂಗುವ ಕುಕ್ಕೂ ಹಕ್ಕಿ. ಡ್ರಮ್ನಡ್ರಾಕಿಟ್ ತಲುಪಿ ದೋಣಿಯಲ್ಲಿ ಲಾಕ್ ನೆಸ್ ಸರೋವರ ದಾಟಿದೆ. ಪೂರ್ತಿ ನಡೆದೇ ಹೋಗಬೇಕೆಂಬ ನಿಯಮ ಇದ್ದರೂ ಈ ದೋಣಿಗೆ ವಿನಾಯಿತಿ ಇದೆ. ಆಮೇಲೆ ಮೊನಾಲಿಯಾ ಗುಡ್ಡಗಳು. ಅಲ್ಲಿ ಪೀಟ್ ಮಣ್ಣು ಕೊರೆದು ತಲೆಯೆತ್ತರದ ಕಪ್ಪು ಚರಂಡಿಗಳಾಗಿವೆ. ಇಳಿ, ಹತ್ತು, ಮತ್ತೆ ಇಳಿ. ಜೊತೆಗೆ ಮೋಡ. ಕಂಪಾಸ್ ಹಿಡಿದು ನಿಧಾನವಾಗಿ ದಾಟಿ ಕಿಂಗ್ಯೂಸಿ ಊರಿಗೆ ಇಳಿದೆ. ಅಷ್ಟೇ.

ಗ್ಲೆನ್ ಫೆಶಿಯ ಬಗ್ಗೆ ಮಾತ್ರ ಹೇಳಲೇಬೇಕು. ಸ್ಕಾಟ್ಲೆಂಡಿನ ಗುಡ್ಡ ಹೆಚ್ಚಿನ ಕಡೆ ಬೋಳು. ಅದೇ ಸಹಜ ಅಂತ ನಾನೂ ತುಂಬ ಕಾಲ ಅಂದುಕೊಂಡಿದ್ದೆ. ಬೇಟೆಯ ಶೋಕಿಗಾಗಿ ಜಿಂಕೆಗಳ ಸಂಖ್ಯೆಯನ್ನು ಹೆಚ್ಚು ಇಟ್ಟುಕೊಂಡಿದ್ದರಿಂದ ಅವು ಮೊಳಕೆಯೊಡೆದ ಪ್ರತಿ ಸಸಿಯನ್ನೂ ತಿಂದವು. ಮುದಿ ಪೈನ್ ಮರಗಳಿದ್ದವು, ಅವುಗಳ ಮಕ್ಕಳಿರಲಿಲ್ಲ. ಫೆಶಿಯಲ್ಲಿ ಜಿಂಕೆಗಳನ್ನು ಬಹಳ ಕಡಿಮೆ ಮಾಡಿದರು. 2006ರಿಂದ ಈ ಎಸ್ಟೇಟ್ ಡೆನ್ಮಾರ್ಕಿನ ಉದ್ಯಮಿ ಆಂಡರ್ಸ್ ಪೊವ್ಲ್‌ಸೆನ್ ಅವರದ್ದು, ಅವರೂ ಆ ಕೆಲಸ ಮುಂದುವರಿಸಿದರು. ಬೇಲಿ ಹಾಕದೆಯೇ ಸಸಿಗಳು ಮೇಲೆದ್ದವು. ಈಗ ಸೊಂಟದೆತ್ತರದ, ಆಳೆತ್ತರದ ಪೈನ್‌ಗಳು, ನಡುವೆ ಬರ್ಚ್, ಜೂನಿಪರ್. ದಾರಿ ಮೇಲೂ ಸಸಿ ಹುಟ್ಟಿದೆ. ಕಾಡು ಕಡಿದು ಹೋಗುವುದನ್ನೇ ನೋಡುತ್ತಾ ಬೆಳೆದ ಮಲೆನಾಡಿನವಳು ನಾನು. ಕಾಡು ತಾನಾಗಿ ವಾಪಸ್ ಬರುವುದನ್ನು ಕಣ್ಣಾರೆ ನೋಡಿದ್ದು ಅಲ್ಲೇ. ಆ ಮಧ್ಯಾಹ್ನ ನಡೆಯಲು ಮನಸ್ಸಾಗದೆ ಒಂದು ಬಂಡೆಯ ಮೇಲೆ ತುಂಬ ಹೊತ್ತು ಕೂತಿದ್ದೆ.

ಫೆಶಿಯ ನೆತ್ತಿ ದಾಟಿ, ಗೆಲ್ಡಿ ಹೊಳೆಯ ಬಯಲಿನಲ್ಲಿ ಇಳಿದು ಬ್ರೆಮಾರ್ ತಲುಪಿದೆ. ಅಷ್ಟು ದಿನ ಎಲ್ಲೋ ಒಬ್ಬರು ಇಬ್ಬರು ಸಿಗುತ್ತಿದ್ದವರು ಇಲ್ಲಿ ಡಜನ್‌ಗಟ್ಟಲೆ ಸಿಕ್ಕರು. ಪ್ರತಿಯೊಬ್ಬರ ದಾರಿಯೂ ಬೇರೆ. ಟಾರಿಡನ್‌ನಿಂದ ಬಂದವರು, ಓಬನ್‌ನಿಂದ ಬಂದವರು. ಎಪ್ಪತ್ತು ದಾಟಿದ ಒಬ್ಬ ನಿವೃತ್ತ ಶಿಕ್ಷಕಿ ತಮ್ಮ ನಕ್ಷೆ ಬಿಚ್ಚಿ, ನನ್ನ ನಕ್ಷೆ ಪಕ್ಕಕ್ಕಿಟ್ಟು, "ಇಲ್ಲಿ ನಾವಿಬ್ಬರೂ ಒಂದೇ ದಿನ ಅರ್ಧ ಮೈಲಿ ಅಂತರದಲ್ಲಿ ಮಲಗಿದ್ದೆವು, ನೋಡಿ" ಅಂತ ಬೆರಳಿಟ್ಟು ತೋರಿಸಿದರು.

ಬ್ರೆಮಾರ್‌ನಿಂದ ಮುಂದೆ ನಾನು ಜಾಕ್ಸ್ ರೋಡ್ ಹಿಡಿದೆ. ಚಳಿಗಾಲದಲ್ಲೇ ಇದನ್ನು ಗಟ್ಟಿ ಮಾಡಿಕೊಂಡಿದ್ದೆ, ಉಳಿದದ್ದು ಏನು ಬದಲಾದರೂ ಇದು ಬದಲಾಗಬಾರದು ಅಂತ. ಕ್ಯಾಲಟರ್ ಕಣಿವೆಯಿಂದ ಹತ್ತಿ, 900 ಮೀಟರ್ ಎತ್ತರದ ಬೋಳು ಬಯಲು ದಾಟಿ, ಗ್ಲೆನ್ ಡಾಲ್‌ಗೆ ಇಳಿಯುವ ಹಳೇ ದಾರಿ. ಕುರಿ ಹೊಡೆದುಕೊಂಡು ಸಂತೆಗೆ ಹೋಗುವವರು ಬಳಸುತ್ತಿದ್ದದ್ದು. 1880ರ ದಶಕದಲ್ಲಿ ಗ್ಲೆನ್ ಡಾಲ್‌ನ ಜಮೀನ್ದಾರ ಡಂಕನ್ ಮ್ಯಾಕ್‌ಫರ್ಸನ್ ಈ ದಾರಿ ಬಂದ್ ಮಾಡಿಸಿದ. ಸ್ಕಾಟಿಷ್ ರೈಟ್ಸ್ ಆಫ್ ವೇ ಸೊಸೈಟಿಯವರು ಬೇಕೆಂದೇ ಅಲ್ಲಿ ನಡೆದು ಹೋದರು. ಕೇಸಾಯಿತು. ಕುರಿ ಕಾಯುವವರು ಬಂದು ಈ ದಾರಿಯಲ್ಲಿ ತಾವು ಹಿಂದಿನಿಂದಲೂ ಓಡಾಡಿದ್ದೇವೆ ಅಂತ ಸಾಕ್ಷಿ ಹೇಳಿದರು. ಲಂಡನ್ನಿನ ಹೌಸ್ ಆಫ್ ಲಾರ್ಡ್ಸ್‌ವರೆಗೆ ಹೋಗಿ 1888ರಲ್ಲಿ ಸೊಸೈಟಿ ಗೆದ್ದಿತು. ಖರ್ಚಿನಲ್ಲಿ ಎರಡೂ ಕಡೆಯವರು ಹೈರಾಣಾಗಿದ್ದರು.

ಮೇಲಿನ ಬಯಲಿನಲ್ಲಿ ಇನ್ನೂ ಹಿಮ ಇತ್ತು. ಗಾಳಿಗೆ ನೆಟ್ಟಗೆ ನಿಲ್ಲಲು ಆಗುತ್ತಿರಲಿಲ್ಲ. 1959ರ ಹೊಸ ವರ್ಷದ ದಿನ ಇದೇ ದಾರಿಯಲ್ಲಿ ಐದು ಜನ ಹಿಮಗಾಳಿಗೆ ಸಿಕ್ಕಿ ತೀರಿಕೊಂಡರು. ಆ ಬಳಿಕ ಕಟ್ಟಿದ ಒಂದು ಪುಟ್ಟ ಆಸರೆ ಇಳಿಜಾರಿನ ಮೇಲ್ಭಾಗದಲ್ಲಿದೆ, ಅರ್ಧ ನೆಲದೊಳಗೆ. ಡೇವೀಸ್ ಬೌರಖ್ ಅಂತ ಹೆಸರು. ಒಳಗೆ ಹೊಕ್ಕು ಬಾಗಿಲು ಹಾಕಿಕೊಂಡು ಅವಲಕ್ಕಿ ತಿಂದೆ. ಸಾಕ್ಷಿ ಹೇಳಿದ ಆ ಕುರಿ ಕಾಯುವವರು ಯಾರೋ, ಅವರ ಹೆಸರು ನನಗೆ ತಿಳಿದಿದ್ದರೆ ಇಲ್ಲಿ ಒಬ್ಬೊಬ್ಬರದಾಗಿ ಬರೆಯುತ್ತಿದ್ದೆ. ದೊಡ್ಡ ಜಮೀನ್ದಾರನ ಎದುರು ನಿಂತು ಹೇಳುವುದಕ್ಕೆ ಎಷ್ಟು ಧೈರ್ಯ ಬೇಕು! ಭೂಸುಧಾರಣೆಯ ಕಾಯ್ದೆ ಬರುವುದಕ್ಕೆ ನೂರು ವರ್ಷಕ್ಕೂ ಮುಂಚೆಯೇ ಅವರು ಅದಕ್ಕೆ ಅಡಿಪಾಯ ಹಾಕಿದ್ದರು.

ಕ್ಲೋವಾ, ಲಾಕ್ ಲೀ, ಟಾರ್ಫ್‌ಸೈಡ್. ಟಾರ್ಫ್‌ಸೈಡಿನಲ್ಲಿ ಸೇಂಟ್ ಡ್ರಾಸ್ಟನ್ಸ್ ಅನ್ನುವ ಮನೆಯಲ್ಲಿ ಹಿಂದೆ ನಡೆದವರೇ ಬಂದು ಅಡುಗೆಮನೆ ನೋಡಿಕೊಳ್ಳುತ್ತಾರೆ. ಒದ್ದೆ ಬೂಟು ಹೊರಗೆ ಬಿಚ್ಚಿಟ್ಟು ಒಳಗೆ ಹೋದರೆ ಚಹಾ, ಕೇಕು, ಮಾತು. ಅಲ್ಲಿಂದ ಎಡ್ಜೆಲ್‌ವರೆಗೆ ನದಿಯ ಜೊತೆಗೇ ದಾರಿ. ಮುಂದೆ ಹೊಲಗಳು, ಟಾರು ರಸ್ತೆ, ಉರಿಯುವ ಪಾದ. ಸೇಂಟ್ ಸೈರಸ್ ಹಳ್ಳಿಯ ಚರ್ಚು ದಾಟಿದ ಕೂಡಲೇ ಕೆಳಗೆ ಕಡಲು ಕಾಣುತ್ತದೆ. ಇಳಿದು ನೀರಿಗೆ ಕಾಲಿಟ್ಟೆ. ವಿಪರೀತ ತಣ್ಣಗಿತ್ತು, ಜೋರಾಗಿ ಕೂಗಿದೆ. ಬಸ್ಸು ಹತ್ತಿ ಮಾಂಟ್ರೋಸ್‌ಗೆ ಹೋಗಿ ನಡಿಗೆ ಮುಗಿಸಿದ್ದಕ್ಕೆ ರುಜು ಹಾಕಿದೆ.

ಅರ್ಜಿ ಕರೆಯುವುದು ಹಿಂದಿನ ವರ್ಷದ ಶರತ್ಕಾಲದಲ್ಲಿ. ಜಾಸ್ತಿ ಅರ್ಜಿ ಬಂದರೆ ಲಾಟರಿ ಎತ್ತುತ್ತಾರೆ. ನಡೆಯುವುದಾದರೆ ಮೊದಲು ಮಳೆಯಲ್ಲಿ ಟೆಂಟ್ ಹಾಕಿ ಮಲಗಿ ಅಭ್ಯಾಸ ಮಾಡಿ, ಕಂಪಾಸ್ ಬಳಸುವುದನ್ನು ಯಾರ ಹತ್ತಿರವಾದರೂ ಸರಿಯಾಗಿ ಕಲಿಯಿರಿ. ಪ್ರತಿ ಸಂಜೆ ಮೈಮೇಲೆ ಉಣುಗು ಕಚ್ಚಿದೆಯಾ ನೋಡಿಕೊಳ್ಳಿ, ಅದರಿಂದ ಲೈಮ್ ಕಾಯಿಲೆ ಬರಬಹುದು. ನಾನು ಈಗ ಮಲೈಗ್‌ನಿಂದ ಹೊರಡುವ ದಾರಿ ಹುಡುಕುತ್ತಿದ್ದೇನೆ. ಅಲ್ಲಿಂದ ದೋಣಿಯಲ್ಲಿ ನಾಯ್ಡಾರ್ಟ್‌ಗೆ ಹೋಗಬಹುದು. ಟೆಂಟಿನ ತೂಕ ಎಷ್ಟು ಅಂತ ಅಕ್ಕ ಮೊನ್ನೆ ಫೋನ್ ಮಾಡಿ ಕೇಳಿದಳು.